ಎಕ್ಸೆಲ್‌ನ ಖಾಲಿ ಸೆಲ್ ಡೇಟಾಬೇಸಿಗೆ ಹೋದಾಗ

ಡೇಟಾಬೇಸಿಗೆ ಹಾಕಿಕೊಡಿ ಅಂತ ಯಾರಾದರೂ ಎಕ್ಸೆಲ್ ಫೈಲ್ ಕಳಿಸಿದರೆ ನಾನು ಮೊದಲು ಹುಡುಕುವುದು ಖಾಲಿ ಸೆಲ್‌ಗಳನ್ನು. ತುಂಬಿದ ಸೆಲ್‌ನಲ್ಲಿ ತಪ್ಪಿದ್ದರೆ ಹೇಗೋ ಕಣ್ಣಿಗೆ ಬೀಳುತ್ತದೆ. ವಯಸ್ಸಿನ ಕಾಲಂನಲ್ಲಿ 430 ಅಂತಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಖಾಲಿ ಸೆಲ್ ಮಾತ್ರ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ. ಇಂಪೋರ್ಟ್ ಆಯಿತು ಅಂತ ಮೆಸೇಜೂ ಬರುತ್ತದೆ. ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಗೊತ್ತಾಗುವುದು ಎಷ್ಟೋ ದಿನಗಳ ಮೇಲೆ, ರಿಪೋರ್ಟ್ ತೆಗೆದಾಗ.

ಒಂದು ಚಿಕ್ಕ ಲೆಕ್ಕ ನೋಡಿ. ಅಂಕಗಳ ಕಾಲಂನಲ್ಲಿ ಐದು ಸಾಲು ಇವೆ: 40, 60, ಖಾಲಿ, 0, 80. ಆ ಖಾಲಿ ಜಾಗ ಡೇಟಾಬೇಸಿನಲ್ಲಿ ನಲ್ ಆಗಿ, ಅಂದರೆ 'ಇಲ್ಲಿ ಏನೂ ಇಲ್ಲ' ಅನ್ನುವ ಗುರುತಾಗಿ ಕೂತರೆ ಸರಾಸರಿ ತೆಗೆಯುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 180ನ್ನು 4ರಿಂದ ಭಾಗಿಸಿ 45 ಅನ್ನುತ್ತದೆ. ಅದೇ ಜಾಗ ಸೊನ್ನೆಯಾಗಿ ಹೋಗಿದ್ದರೆ 180ನ್ನು 5ರಿಂದ ಭಾಗಿಸಬೇಕು, ಉತ್ತರ 36. ಎರಡು ಕಡೆಯೂ ಎರರ್ ಬರುವುದಿಲ್ಲ. ಯಾವುದು ಸರಿ ಅಂತ ಡೇಟಾಬೇಸಿಗೆ ಹೇಗೆ ಗೊತ್ತಾಗಬೇಕು? ಶೀಟ್ ತುಂಬಿದವರಿಗೆ ಮಾತ್ರ ಗೊತ್ತು.

ಯಾಕೆಂದರೆ ಆ ಖಾಲಿ ಜಾಗದ ಹಿಂದೆ ಏನು ಬೇಕಾದರೂ ಇರಬಹುದು. ವಿದ್ಯಾರ್ಥಿ ಪರೀಕ್ಷೆಗೆ ಬಂದಿಲ್ಲ. ಅಥವಾ ಬರೆದಿದ್ದಾನೆ, ಪೇಪರ್ ಇನ್ನೂ ತಿದ್ದಿಲ್ಲ. ಅಥವಾ ಆ ವಿಷಯವನ್ನೇ ಅವನು ತೆಗೆದುಕೊಂಡಿಲ್ಲ. ಸುಮ್ನೆ ಟೈಪ್ ಮಾಡುವವರ ಕಣ್ತಪ್ಪಿರಲೂಬಹುದು. ಕೆಲವರು 'ಮೇಲಿನದೇ ಇಲ್ಲಿಗೂ' ಅನ್ನುವ ಅರ್ಥದಲ್ಲಿ ಖಾಲಿ ಬಿಡುತ್ತಾರೆ. ಮರ್ಜ್ ಮಾಡಿದ ಸೆಲ್‌ಗಳಲ್ಲೂ ಇದೇ ಕಥೆ. ನಾಲ್ಕು ಸಾಲು ಸೇರಿಸಿ ಮರ್ಜ್ ಮಾಡಿದರೆ ಬೆಲೆ (ಅಂದರೆ ತುಂಬಿದ ವಿಷಯ) ಉಳಿಯುವುದು ಮೊದಲ ಸೆಲ್‌ನಲ್ಲಿ ಮಾತ್ರ, ಕೆಳಗಿನ ಮೂರೂ ಖಾಲಿ. ಡೇಟಾವನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು 1970ರಲ್ಲಿ ಮುಂದಿಟ್ಟ ಎಡ್ಗರ್ ಕಾಡ್ ಅವರೇ ಆಮೇಲೆ ಖಾಲಿ ಜಾಗಕ್ಕೆ ಎರಡು ಬೇರೆ ಗುರುತು ಬೇಕು ಅಂದಿದ್ದರು. ಬೆಲೆ ಇರಬೇಕಿತ್ತು ಆದರೆ ಸಿಕ್ಕಿಲ್ಲ ಅನ್ನುವುದಕ್ಕೆ ಒಂದು, ಇಲ್ಲಿ ಬೆಲೆ ಇರುವ ಪ್ರಶ್ನೆಯೇ ಇಲ್ಲ ಅನ್ನುವುದಕ್ಕೆ ಇನ್ನೊಂದು. ಡೇಟಾಬೇಸ್ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯುಎಲ್‌ಗೆ ಬಂದದ್ದು ಒಂದೇ ನಲ್. ಹಾಗಾಗಿ ಆ ವ್ಯತ್ಯಾಸ ಬೇಕು ಅನಿಸಿದರೆ 'ಗೈರು', 'ಬಾಕಿ' ಅಂತ ತುಂಬುವ ಸ್ಥಿತಿಯ ಕಾಲಂ ಒಂದನ್ನು ನಾವೇ ಇಡಬೇಕು. ಇಡೋದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಇಷ್ಟು ಯೋಚಿಸದೆ ಇಂಪೋರ್ಟ್ ಬಟನ್ ಒತ್ತಿದರೆ ತೀರ್ಮಾನವನ್ನು ಸಾಫ್ಟ್‌ವೇರ್ ಮಾಡುತ್ತದೆ. ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ಮಾಡುತ್ತದೆ. ಸಿಎಸ್‌ವಿ ಫೈಲಿನಲ್ಲಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರೆ ಮಾಡಿದ ಪಠ್ಯದ ಫೈಲ್) ನಲ್ ಅಂತ ಬರೆಯಲು ಎಲ್ಲರೂ ಒಪ್ಪಿದ ಗುರುತೇ ಇಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಕಾಪಿ ಕಮಾಂಡ್ ಸಿಎಸ್‌ವಿ ಓದುವಾಗ ಎರಡು ಅಲ್ಪವಿರಾಮದ ನಡುವೆ ಏನೂ ಇಲ್ಲದಿದ್ದರೆ ನಲ್ ಅಂದುಕೊಳ್ಳುತ್ತದೆ. ಅಲ್ಲೇ ಒಂದು ಜೊತೆ ಖಾಲಿ ಉದ್ಧರಣ ಚಿಹ್ನೆ ಇದ್ದರೆ ಅದು ಖಾಲಿ ಪಠ್ಯ, ಅಂದರೆ ಒಂದಕ್ಷರವೂ ಇಲ್ಲದ ಪಠ್ಯ. ಅಂದರೆ ಫೈಲ್ ಉಳಿಸುವ ಪ್ರೋಗ್ರಾಂ ಎಲ್ಲದಕ್ಕೂ ಉದ್ಧರಣ ಚಿಹ್ನೆ ಹಾಕುವ ಅಭ್ಯಾಸದ್ದಾದರೆ ನಿಮ್ಮ ನಲ್‌ಗಳೆಲ್ಲ ಮಾಯ. ಒರಾಕಲ್‌ನಲ್ಲಿ ಖಾಲಿ ಪಠ್ಯವೂ ನಲ್ಲೇ, ವ್ಯತ್ಯಾಸವೇ ಉಳಿಯುವುದಿಲ್ಲ. ಎಸ್‌ಕ್ಯುಎಲೈಟ್‌ನ ಇಂಪೋರ್ಟ್ ಕಮಾಂಡ್ ಖಾಲಿ ಜಾಗವನ್ನು ಖಾಲಿ ಪಠ್ಯವಾಗಿ ಹಾಕುತ್ತದೆ.

ಜಾಸ್ತಿ ಹುಷಾರಾಗಿರಬೇಕಾದದ್ದು ಮೈಎಸ್‌ಕ್ಯುಎಲ್‌ನ ಲೋಡ್ ಡೇಟಾ ಕಮಾಂಡ್ ಬಳಸುವಾಗ. ಸಂಖ್ಯೆಯ ಕಾಲಂಗೆ ಖಾಲಿ ಜಾಗ ಬಂದರೆ ಅದು 0 ಆಗುತ್ತದೆ. ದಿನಾಂಕದ ಕಾಲಂ ಆದರೆ ಎಲ್ಲಾ ಸೊನ್ನೆಗಳ ದಿನಾಂಕ ಬರುತ್ತದೆ. ತಪ್ಪು ಬೆಲೆಯನ್ನು ಒಪ್ಪದ ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್ ಕೊಟ್ಟು ನಿಲ್ಲುತ್ತದಲ್ವಾ ಅನ್ನಬಹುದು. ನಿಲ್ಲುತ್ತದೆ, ನಿಜ. ಆದರೆ ನಮ್ಮ ಕಂಪ್ಯೂಟರಿನಿಂದ ಫೈಲ್ ಕಳಿಸಲು 'ಲೋಕಲ್' ಅನ್ನುವ ಪದ ಸೇರಿಸಿದ್ದರೆ ಆ ಎರರ್‌ಗಳೂ ಬರೀ ವಾರ್ನಿಂಗ್ ಆಗುತ್ತವೆ. ಇಂಪೋರ್ಟ್ ಮುಗಿದ ಮೇಲೆ ವಾರ್ನಿಂಗ್ ಎಷ್ಟು ಬಂದಿದೆ ಅಂತ ನೋಡುವವರು ತೀರಾ ಕಡಿಮೆ. ದಯವಿಟ್ಟು ನೋಡಿ.

ಪೈಥಾನ್‌ನಲ್ಲಿ ಪಾಂಡಾಸ್ (ಟೇಬಲ್ ಥರದ ಡೇಟಾ ಓದುವ ಲೈಬ್ರರಿ) ಬಳಸುವವರಿಗೆ ಎರಡು ಮಾತು. ಅದು ಖಾಲಿ ಜಾಗದ ಜೊತೆಗೆ 'ಎನ್‌ಎ', 'ನಲ್' ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪಠ್ಯವನ್ನೂ ಖಾಲಿ ಅಂದುಕೊಳ್ಳುತ್ತದೆ. ನಮೀಬಿಯಾ ದೇಶದ ಎರಡಕ್ಷರದ ಕೋಡ್ 'ಎನ್‌ಎ'. ದೇಶಗಳ ಪಟ್ಟಿ ಇಂಪೋರ್ಟ್ ಮಾಡಿದರೆ ಆ ದೇಶದ ಕೋಡೇ ಕಾಣೆಯಾಗುತ್ತದೆ. ಇನ್ನೊಂದು, ಪೂರ್ಣ ಸಂಖ್ಯೆಗಳ ಕಾಲಂನಲ್ಲಿ ಒಂದೇ ಒಂದು ಖಾಲಿ ಇದ್ದರೂ ಇಡೀ ಕಾಲಂ ದಶಾಂಶಕ್ಕೆ ತಿರುಗುತ್ತದೆ. 12 ಇದ್ದದ್ದು 12.0 ಆಗುತ್ತದೆ. ಫೋನ್ ನಂಬರಿನ ಬಾಲಕ್ಕೆ '.0' ಅಂಟಿಕೊಂಡಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಓದುವಾಗಲೇ ಎಲ್ಲಾ ಕಾಲಂಗಳನ್ನು ಪಠ್ಯವಾಗಿ ಓದಿ ಅಂತ ಹೇಳಿದರೆ ಈ '.0' ತೊಂದರೆ ಇಲ್ಲ.

ಖಾಲಿ ಅಂತ ಕಾಣುವುದೆಲ್ಲ ಖಾಲಿಯೂ ಅಲ್ಲ. ಒಂದು ಸೆಲ್‌ನಲ್ಲಿ ಬರೀ ಸ್ಪೇಸ್ ಇರಬಹುದು. ವೆಬ್ ಪುಟದಿಂದ ನಕಲು ಮಾಡಿದ್ದರೆ 160ನೇ ಕೋಡಿನ ಬೇರೆ ಥರದ ಸ್ಪೇಸ್ ಬಂದಿರುತ್ತದೆ. ಸ್ಪೇಸ್ ತೆಗೆಯುವ ಎಕ್ಸೆಲ್‌ನ ಟ್ರಿಮ್ ಫಂಕ್ಷನ್ ಅದನ್ನು ತೆಗೆಯುವುದಿಲ್ಲ, ಮೊದಲು ಅದನ್ನು ಮಾಮೂಲಿ ಸ್ಪೇಸ್‌ಗೆ ಬದಲಾಯಿಸಬೇಕು. ಇನ್ನು ಕೆಲವರು ಖಾಲಿ ಬಿಡಬಾರದು ಅಂತ ಅಡ್ಡಗೆರೆ, 'ಇಲ್ಲ', 'ಗೊತ್ತಿಲ್ಲ' ಅಂತೆಲ್ಲ ಬರೆದಿರುತ್ತಾರೆ.

ಹಾಗಾಗಿ ನಾನು ಫೈಲನ್ನು ಯಾವತ್ತೂ ನೇರವಾಗಿ ಅಸಲಿ ಟೇಬಲ್‌ಗೆ ಹಾಕುವುದಿಲ್ಲ. ಮೊದಲು ಒಂದು ತಾತ್ಕಾಲಿಕ ಟೇಬಲ್ ಮಾಡುತ್ತೇನೆ. ಅದರಲ್ಲಿ ದಿನಾಂಕ, ಮೊತ್ತ ಸೇರಿ ಎಲ್ಲಾ ಕಾಲಂಗಳೂ ಪಠ್ಯ, ಯಾವ ನಿರ್ಬಂಧವೂ ಇಲ್ಲ. ಶೀಟಿನಲ್ಲಿ ಇದ್ದದ್ದು ಇದ್ದ ಹಾಗೆ ಅಲ್ಲಿಗೆ ಬರಲಿ. ಆಮೇಲೆ ಪ್ರತಿ ಕಾಲಂನಲ್ಲೂ ಯಾವ ಯಾವ ಬೆಲೆ ಎಷ್ಟು ಸಲ ಬಂದಿದೆ ಅಂತ ಡೇಟಾಬೇಸನ್ನು ಕೇಳುವ ಒಂದು ಕ್ವೆರಿ. ಅಡ್ಡಗೆರೆಗಳು, ಒಂಟಿ ಸ್ಪೇಸ್‌ಗಳು ಎಲ್ಲಾ ಅಲ್ಲಿ ಸಿಕ್ಕಿಬೀಳುತ್ತವೆ. ಆ ಪಟ್ಟಿ ಹಿಡಿದು ಶೀಟ್ ಕೊಟ್ಟವರ ಜೊತೆ ಕೂರುತ್ತೇನೆ. 'ರಿಯಾಯಿತಿ ಕಾಲಂ ಖಾಲಿ ಇದ್ದರೆ ರಿಯಾಯಿತಿ ಇಲ್ಲ ಅಂತಲಾ, ಇನ್ನೂ ನಿರ್ಧಾರ ಆಗಿಲ್ಲ ಅಂತಲಾ?' ಅಂತ ಕೇಳಿದರೆ ಅವರು ತಕ್ಷಣ ಉತ್ತರ ಕೊಡುತ್ತಾರೆ. ಕೇಳದೆ ಊಹಿಸಿದರೆ ವರ್ಷಗಟ್ಟಲೆ ತಪ್ಪು ಲೆಕ್ಕ ಓಡುತ್ತದೆ.

ಉತ್ತರ ಸಿಕ್ಕ ಮೇಲೆ ಉಳಿದದ್ದು ಸಣ್ಣ ಕೆಲಸ. ಸ್ಪೇಸ್ ತೆಗೆದು, ನಲ್‌ಇಫ್ ಫಂಕ್ಷನ್‌ನಿಂದ ಖಾಲಿ ಪಠ್ಯವನ್ನು ನಲ್ ಮಾಡಿ, ಸೊನ್ನೆಯೇ ಸರಿ ಅಂತ ಅವರು ಹೇಳಿದ ಕಾಲಂಗಳಿಗೆ ಮಾತ್ರ ನಲ್ ಇದ್ದ ಕಡೆ ಬೇರೆ ಬೆಲೆ ಕೊಡುವ ಕೋಲೆಸ್ ಫಂಕ್ಷನ್‌ನಿಂದ ಸೊನ್ನೆ ತುಂಬಿ, ಅಸಲಿ ಟೇಬಲ್‌ಗೆ ಕಳಿಸುವುದು. ಖಾಲಿ ಇರಲೇಬಾರದ ಕಾಲಂಗೆ ನಾಟ್ ನಲ್ ನಿರ್ಬಂಧ ಇರಲಿ. ಅದು ಎರರ್ ಕೊಟ್ಟಿತು ಅಂತ ನಿರ್ಬಂಧವನ್ನು ಕಿತ್ತುಹಾಕಬೇಡಿ. ಇಮೇಲ್‌ನಂಥ, ಒಂದೇ ಬೆಲೆ ಎರಡು ಸಲ ಬರಬಾರದ ಯೂನಿಕ್ ಕಾಲಂನಲ್ಲಿ ಖಾಲಿ ಪಠ್ಯ ಬಿಟ್ಟರೆ ಎರಡನೇ ಸಾಲಿಗೇ ಡೂಪ್ಲಿಕೇಟ್ ಎರರ್ ಬರುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ನಲ್ಲಿ ನಲ್ ಮಾಡಿದರೆ ಎಷ್ಟು ಸಾಲು ಬೇಕಾದರೂ ಇರಬಹುದು.

ಇದೆಲ್ಲ ಹೊಸ ಸಾಲು ಸೇರಿಸುವಾಗಿನ ಮಾತು. ಇರುವ ಸಾಲುಗಳನ್ನೇ ಶೀಟಿನಿಂದ ಅಪ್‌ಡೇಟ್ ಮಾಡುವಾಗ ಅಪಾಯ ಇನ್ನೂ ದೊಡ್ಡದು. ಗ್ರಾಹಕರ ವಿಳಾಸ ಬದಲಾಗಿದೆ ಅಂತ ಶೀಟ್ ಬರುತ್ತದೆ. ಅದರಲ್ಲಿ ವಿಳಾಸ ತುಂಬಿದೆ, ಫೋನ್ ಕಾಲಂ ಖಾಲಿ. ಕಳಿಸಿದವರ ಮನಸ್ಸಿನಲ್ಲಿ ಇರುವುದು 'ಫೋನ್ ಹಳೆಯದೇ' ಅಂತ. ಪ್ರೋಗ್ರಾಂ ಮಾತ್ರ ಇದ್ದ ನಂಬರನ್ನು ಅಳಿಸಿ ನಲ್ ಬರೆಯುತ್ತದೆ. ಸಾವಿರಾರು ಸಾಲು ಇದ್ದರೆ ಸಾವಿರಾರು ನಂಬರ್ ಹೋದವು. ಬ್ಯಾಕಪ್ ಇಲ್ಲದಿದ್ದರೆ ವಾಪಸ್ ಬರುವುದಿಲ್ಲ. ಆದ್ದರಿಂದ ಅಪ್‌ಡೇಟ್‌ನಲ್ಲಿ ಖಾಲಿ ಸೆಲ್ ಅಂದರೆ 'ಇದ್ದದ್ದು ಇರಲಿ' ಅಂತಲೇ ಇಟ್ಟುಕೊಳ್ಳಿ. ಹೊಸ ಬೆಲೆ ನಲ್ ಆಗಿದ್ದರೆ ಹಳೆಯದನ್ನೇ ಉಳಿಸಲು ಕೋಲೆಸ್ ಸಾಕು. ನಿಜವಾಗಿಯೂ ಅಳಿಸಬೇಕಾದ ಕಡೆ 'ಅಳಿಸಿ' ಅಂತ ಸೆಲ್‌ನಲ್ಲೇ ಬರೆಯಿರಿ ಅಂತ ಶೀಟ್ ತುಂಬುವವರಿಗೆ ಮೊದಲೇ ಹೇಳಿಡಿ, ಪ್ರೋಗ್ರಾಂ ಆ ಪದ ಕಂಡಾಗ ಮಾತ್ರ ಅಳಿಸಲಿ.