ಹಲಸಿನ ತೊಳೆಯೊಳಗಿನ ಸಸ್ಯಶಾಸ್ತ್ರ

ಸಸ್ಯಶಾಸ್ತ್ರದ ಪರೀಕ್ಷೆಗೆ ಓದುವ ನಾವು ಹಲಸನ್ನು ‘ಸಂಯುಕ್ತ ಫಲ’ ಎಂದು ಬಾಯಿಪಾಠ ಮಾಡಿ ಮುಂದೆ ಸಾಗುತ್ತೇವೆ. ಈ ಮಾತಿನ ಅರ್ಥ ನನಗೆ ಬಿಡಿಸಿ ತೋರಿದ್ದು ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿ, ಅಂಗೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಹಣ್ಣು ಸೀಳುತ್ತಿದ್ದ ವ್ಯಾಪಾರಿಯೊಬ್ಬರ ಕೈಕೆಲಸ. ನಡುವಿನ ದಿಂಡನ್ನು ಅವರು ಕೊಯ್ದು ತೆಗೆದಾಗ ಅದರ ಸುತ್ತ ಅಂಟಿದ್ದ ತೊಳೆಗಳು ಒಂದೊಂದಾಗಿ ಕಳಚಿಕೊಂಡವು.

ಆ ದಿಂಡು ಹೂಗೊಂಚಲಿನ ಅಕ್ಷ. ಅದರ ಮೇಲೆ ಒತ್ತೊತ್ತಾಗಿ ಕೂತಿದ್ದ ನೂರಾರು ಹೆಣ್ಣು ಹೂಗಳು ಒಂದಕ್ಕೊಂದು ಬೆಸೆದುಕೊಂಡು ಇಡೀ ಹಣ್ಣಾಗುತ್ತವೆ. ಗರ್ಭಧರಿಸಿದ ಹೂವಿನ ಹೊದಿಕೆ ಕೊಬ್ಬಿ ಸಿಹಿಯಾದ ತೊಳೆಯಾಗುತ್ತದೆ. ಗರ್ಭಧರಿಸದ ಹೂಗಳ ಹೊದಿಕೆಗಳು ತೊಳೆಗಳ ನಡುವೆ ನಾರಿನಂಥ ಎಳೆಗಳಾಗಿ ಉಳಿಯುತ್ತವೆ. ಹೊರಮೈಯ ಮುಳ್ಳುಗಳು ಹೂಗಳ ತುದಿಗಳೇ. ಹೀಗಾಗಿ ಶಾಸ್ತ್ರದ ಲೆಕ್ಕದಲ್ಲಿ ನಾವು ಚಪ್ಪರಿಸುವ ತೊಳೆ ನಿಜವಾದ ಫಲವಲ್ಲ. ತೊಳೆಯೊಳಗೆ ಬೀಜವನ್ನು ಸುತ್ತಿಕೊಂಡಿರುವ ಭಾಗವೇ ಫಲ. ಈ ಅಂಶದಲ್ಲಿ ಎಡವುವವರು ಬಹಳ, ಆದ್ದರಿಂದ ಇದನ್ನು ಚಿತ್ರ ಬರೆದುಕೊಂಡೇ ಕಲಿಯಬೇಕು.

ಮಂಡ್ಯದ ಕಡೆಯವರಿಗೆ ಇನ್ನೊಂದು ಉದಾಹರಣೆ ಹೊಲದಲ್ಲೇ ಇದೆ. ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯೂ ಹಲಸಿನ ಕುಟುಂಬವಾದ ಮೊರೇಸಿಗೆ ಸೇರಿದ್ದು, ಅದರ ಹಣ್ಣಿನ ಒಂದೊಂದು ಮಣಿಯೂ ಒಂದೊಂದು ಹೂವಿನಿಂದ ಆದದ್ದು; ರಸ ತುಂಬಿರುವುದು ಅಲ್ಲಿಯೂ ಹೂವಿನ ಹೊದಿಕೆಯಲ್ಲೇ. ಕಿರುಬೆರಳಿನಷ್ಟು ಚಿಕ್ಕ ಆ ಹಣ್ಣನ್ನೂ ಮೂವತ್ತು ಕಿಲೋ ತೂಗಬಲ್ಲ ಹಲಸನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ರಚನೆಯ ಹೋಲಿಕೆ ತಾನೇ ಎದ್ದು ಕಾಣುತ್ತದೆ. ಎರಡರಲ್ಲೂ ಎಲೆ ಕಿತ್ತ ಕಡೆ ಹಾಲು ಒಸರುತ್ತದೆ.

ಹಲಸಿನ ವೈಜ್ಞಾನಿಕ ಹೆಸರು ಆರ್ಟೊಕಾರ್ಪಸ್ ಹೆಟಿರೊಫಿಲಸ್. ಮೊದಲ ಪದಕ್ಕೆ ಗ್ರೀಕಿನಲ್ಲಿ ‘ರೊಟ್ಟಿಹಣ್ಣು’ ಎಂದರ್ಥ. ಎರಡನೆಯದು ‘ಬಗೆಬಗೆಯ ಎಲೆಯುಳ್ಳದ್ದು’ ಎಂದು ಹೇಳುತ್ತದೆ, ಏಕೆಂದರೆ ಎಳೆಯ ಗಿಡದ ಎಲೆಗಳು ಸೀಳಿರುವುದುಂಟು, ಬಲಿತ ಮರದವು ಅಖಂಡ. ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಎರಡೂ ಒಂದೇ ಮರದಲ್ಲಿ ಬೇರೆಬೇರೆಯಾಗಿ ಬರುತ್ತವೆ. ಅಷ್ಟು ಭಾರದ ಕಾಯಿಯನ್ನು ಎಳೆಯ ರೆಂಬೆ ತಾಳಲಾರದು. ಅದು ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ನೇರವಾಗಿ ಅಂಟಿಕೊಂಡು ಬೆಳೆಯುತ್ತದೆ.

ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡು ಈ ಮರದ ತವರು. ಅಲ್ಲಿನ ಮಳೆಯ ಮುಂದೆ ನಮ್ಮ ಜಿಲ್ಲೆಗಳ ಮಳೆ ತೀರ ಕಡಿಮೆಯಾದರೂ ಹಿತ್ತಿಲಲ್ಲಿ, ತೋಟದ ಅಂಚಿನಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಬೇರಿನ ಬುಡದಲ್ಲಿ ನೀರು ನಿಂತರೆ ಸಹಿಸದು; ಆದ್ದರಿಂದ ನಾಲೆ ಬಯಲಿನಲ್ಲಿ ನೆಡುವವರು ಗದ್ದೆಯ ತಗ್ಗನ್ನು ಬಿಟ್ಟು ನೀರು ಬಸಿಯುವ ಎತ್ತರದ ಜಾಗವನ್ನು ಆರಿಸಿಕೊಳ್ಳಬೇಕು.

ಇನ್ನು ಬೀಜ. ಒಣಗಿಸಿ ವರ್ಷಗಟ್ಟಲೆ ಇಡಬಹುದಾದ ರಾಗಿ, ಭತ್ತದಂತೆ ಇದು ಅಲ್ಲ. ತೇವ ಆರಿದರೆ ಹಲಸಿನ ಬೀಜ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬಿತ್ತುವವರು ತೊಳೆಯಿಂದ ಬಿಡಿಸಿದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕುವುದು ಒಳ್ಳೆಯದು. ತಿನ್ನುವವರು ಮಾತ್ರ ಅದನ್ನು ಹಸಿಯಾಗಿ ತಿನ್ನಬಾರದು: ಪ್ರೋಟೀನಿನ ಜೀರ್ಣಕ್ರಿಯೆಯನ್ನು ತಡೆಯುವ ಅಂಶ ಅದರಲ್ಲಿದ್ದು, ಬೇಯಿಸಿದಾಗ ಅಥವಾ ಸುಟ್ಟಾಗ ಅದರ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಹೊರಗಿನ ಬಿಳಿಯ ಸಿಪ್ಪೆ ಸುಲಿದು, ಕಂದು ಪೊರೆಯನ್ನು ಕೆರೆದು, ಬದನೆಕಾಯಿಯೊಂದಿಗೆ ಹುಳಿಗೆ ಹಾಕಿದರೆ ಬೀಜ ಹಿಟ್ಟುಹಿಟ್ಟಾಗಿ ಬೇಯುತ್ತದೆ; ಆ ಹಿಟ್ಟು ಮೊಳಕೆಗೆಂದು ಮರ ಕೂಡಿಟ್ಟ ಪಿಷ್ಟ.