ಸನ್ಸ್ ಕೈ ಕಟ್ಟಿಹೋಗಿದ್ದು ಹೇಗೆ? ಫೀನಿಕ್ಸ್ ಟ್ರೇಡ್‌ಗಳ ಹಿನ್ನೆಲೆ

ಜೂನ್ ಕೊನೆಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹೊತ್ತು. ಅದರ ಬೆನ್ನಿಗೇ ಫ್ರೀ ಏಜೆನ್ಸಿ, ಒಪ್ಪಂದ ಮುಗಿದ ಆಟಗಾರರು ಹೊಸ ಒಪ್ಪಂದ ಹುಡುಕುವ ಕಾಲ. ಆ ದಿನಗಳಲ್ಲಿ ಫೀನಿಕ್ಸ್ ಸನ್ಸ್ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ತಂಡದ ಮುಖ್ಯ ಆಟಗಾರ ಡೆವಿನ್ ಬುಕರ್ ಅವರನ್ನೂ ಟ್ರೇಡ್ ಮಾಡಿ (ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಆಟಗಾರರನ್ನೋ ಪಿಕ್‌ಗಳನ್ನೋ ಪಡೆದು) ಬುಡದಿಂದ ತಂಡ ಕಟ್ಟೋಣ ಎನ್ನುವವರು ಕೆಲವರು. ಬುಕರ್ ಇರುವಷ್ಟು ದಿನ ಗೆಲ್ಲುವ ತಂಡವನ್ನೇ ಕಟ್ಟಬೇಕು ಎನ್ನುವವರು ಇನ್ನುಳಿದವರು. ವಾದ ನಡೆಯುವುದು ಆಟಗಾರರ ಹೆಸರಿನ ಮೇಲೆ. ತಂಡದ ದಾರಿ ತೀರ್ಮಾನವಾಗುವುದು ಬೇರೆ ಕಡೆ: ಯಾವ ವರ್ಷದ ಡ್ರಾಫ್ಟ್ ಪಿಕ್ (ಆರಿಸುವ ಸರದಿ; ಹೆಚ್ಚು ಸೋತ ತಂಡಕ್ಕೆ ಸಾಮಾನ್ಯವಾಗಿ ಮೊದಲ ಸರದಿಗಳು) ಯಾರ ಕೈಯಲ್ಲಿದೆ, ಸಂಬಳದ ಮೊತ್ತ ಯಾವ ಗೆರೆಯ ಯಾವ ಬದಿಗಿದೆ, ತಂಡ ಬಿಟ್ಟುಹೋದವರಿಗೆ ಇನ್ನೂ ಎಷ್ಟು ವರ್ಷ ದುಡ್ಡು ಕೊಡಬೇಕಿದೆ. ಈ ಮೂರನ್ನು ಅರ್ಥಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1968ರಲ್ಲಿ ಹುಟ್ಟಿದ ತಂಡ. 1976, 1993, 2021ರಲ್ಲಿ ಫೈನಲ್ಸ್ ಆಡಿತು, ಒಮ್ಮೆಯೂ ಕಪ್ ಗೆಲ್ಲಲಿಲ್ಲ. 2004ರಲ್ಲಿ ಸ್ಟೀವ್ ನ್ಯಾಶ್ ಬಂದ ಮೇಲೆ ಮೈಕ್ ಡಾಂಟೋನಿ ಗರಡಿಯಲ್ಲಿ ಆಡಿದ ವೇಗದ ಆಟ ಇಡೀ ಲೀಗ್‌ನ ಆಟವನ್ನೇ ಬದಲಿಸಿತು. ಆದರೆ ಅದೇ ವರ್ಷಗಳಲ್ಲಿ ಡ್ರಾಫ್ಟ್ ಪಿಕ್‌ಗಳು ದುಡ್ಡಿಗೆ ಹೋಗುತ್ತಿದ್ದವು. 2006ರಲ್ಲಿ 21ನೇ ಪಿಕ್ಕಿನಲ್ಲಿ ಆರಿಸಿದ ರಾಜಾನ್ ರಾಂಡೊ ಬಾಸ್ಟನ್ ಪಾಲಾದರು, ಮರುವರ್ಷ ರೂಡಿ ಫೆರ್ನಾಂಡೆಸ್ ಪೋರ್ಟ್‌ಲ್ಯಾಂಡ್ ಪಾಲಾದರು. 2010ರ ನಂತರ ಹತ್ತು ವರ್ಷ ಪ್ಲೇಆಫ್ ಮುಖವನ್ನೇ ನೋಡಲಿಲ್ಲ.

ಆ ಬರಗಾಲದಲ್ಲಿ ನೆಟ್ಟದ್ದೇ ಮುಂದೆ ಫಲ ಕೊಟ್ಟಿತು. 2015ರಲ್ಲಿ 13ನೇ ಪಿಕ್ಕಿನಲ್ಲಿ ಬುಕರ್, 2018ರಲ್ಲಿ ಮೊದಲನೇ ಪಿಕ್ಕಿನಲ್ಲಿ ಡಿಯಾಂಡ್ರೆ ಏಟನ್, ಅದೇ ರಾತ್ರಿ ಫಿಲಡೆಲ್ಫಿಯಾದಿಂದ ಟ್ರೇಡ್ ಮೂಲಕ ಮಿಕಾಲ್ ಬ್ರಿಡ್ಜಸ್. 2019ರಲ್ಲಿ ಕ್ಯಾಮ್ ಜಾನ್ಸನ್. 2020ರ ನವೆಂಬರ್‌ನಲ್ಲಿ ಕ್ರಿಸ್ ಪಾಲ್ ಬಂದರು. 2021ರ ಫೈನಲ್ಸ್‌ನಲ್ಲಿ ಮಿಲ್ವಾಕಿ ವಿರುದ್ಧ 2-0 ಮುಂದಿದ್ದು 4-2ರಿಂದ ಸೋತರು. ಮರುವರ್ಷ 64 ಪಂದ್ಯ ಗೆದ್ದರೂ, ಡಲ್ಲಾಸ್ ವಿರುದ್ಧದ ಪ್ಲೇಆಫ್ ಸರಣಿಯ ಏಳನೇ ಪಂದ್ಯದಲ್ಲಿ ಸ್ವಂತ ಅಂಗಳದಲ್ಲೇ 123-90ರ ಸೋಲು. ಅರ್ಧ ಆಟಕ್ಕೆ 57-27. ಆ ಒಂದು ರಾತ್ರಿಯನ್ನು ಆಧಾರವಾಗಿಟ್ಟುಕೊಂಡು ಈ ತಂಡ ಇಷ್ಟೇ ಎಂದು ತೀರ್ಮಾನಿಸಿದವರು ಬಹಳ. ತಂಡದ ಮುಖ್ಯ ಆಟಗಾರರಲ್ಲಿ ಹೆಚ್ಚಿನವರು ಆಗಿನ್ನೂ ಇಪ್ಪತ್ತಾರರ ಆಸುಪಾಸಿನವರು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಇಲ್ಲಿ ನಿಯಮಗಳ ಕಡೆ ಒಮ್ಮೆ ತಿರುಗಬೇಕು. ಐಪಿಎಲ್‌ನಲ್ಲಿ 2025ರ ಹಾಗೆ ತಂಡದ ಪರ್ಸ್ 120 ಕೋಟಿ ಎಂದರೆ ಅಲ್ಲಿಗೆ ಮುಗಿಯಿತು, ಒಂದು ರೂಪಾಯಿಯೂ ಮೀರುವಂತಿಲ್ಲ. ಎನ್‌ಬಿಎ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕಿರುವ ಮಿತಿ, ಹಾಗಲ್ಲ. 1984-85ರಲ್ಲಿ 36 ಲಕ್ಷ ಡಾಲರ್‌ನಿಂದ ಶುರುವಾದಾಗಲೇ, ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಕ್ಯಾಪ್ ಮೀರಬಹುದೆಂಬ ವಿನಾಯಿತಿ ಇತ್ತು. ಬಾಸ್ಟನ್‌ನ ಲ್ಯಾರಿ ಬರ್ಡ್ ಹೆಸರಿನಲ್ಲಿ ಅದನ್ನು ಇಂದಿಗೂ ಬರ್ಡ್ ಹಕ್ಕು ಎನ್ನುತ್ತಾರೆ. ಕ್ಯಾಪ್‌ಗಿಂತ ಮೇಲಿನ ಇನ್ನೊಂದು ಗೆರೆಯನ್ನೂ ದಾಟುವವರಿಗೆ ಆಮೇಲೆ ಲಕ್ಷುರಿ ಟ್ಯಾಕ್ಸ್ ಬಂತು. ದುಡ್ಡಿರುವ ಮಾಲೀಕರು ತೆರಿಗೆ ಕಟ್ಟಿ ಸುಮ್ಮನಿದ್ದರು. ಹಾಗಾಗಿ 2023ರ ಜುಲೈ 1ರಂದು ಜಾರಿಗೆ ಬಂದ, ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ ತೆರಿಗೆ ಗೆರೆಗೂ ಅದರ ಮೇಲಿನ ಮೊದಲ ಏಪ್ರನ್ ಗೆರೆಗೂ ಮೇಲೆ ಎರಡನೇ ಏಪ್ರನ್ ಎಂಬ ಹೊಸ ಗೆರೆ ಎಳೆದು, ದುಡ್ಡಿನ ಬದಲು ಕೈಯನ್ನೇ ಕಟ್ಟಿಹಾಕಿತು.

ಎರಡನೇ ಏಪ್ರನ್ ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ಕಳಿಸಿದ ಸಂಬಳಕ್ಕಿಂತ ಒಂದು ಡಾಲರ್ ಹೆಚ್ಚು ಪಡೆಯುವಂತಿಲ್ಲ. ಟ್ರೇಡ್‌ನಲ್ಲಿ ನಗದು ಸೇರಿಸುವಂತಿಲ್ಲ. ಹೊರಗಿನ ಫ್ರೀ ಏಜೆಂಟ್‌ಗಳಿಗೆ ಕನಿಷ್ಠ ಸಂಬಳ ಬಿಟ್ಟು ಬೇರೇನೂ ಕೊಡಲಾಗದು. ಇದರ ಮೇಲೆ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ ಟ್ರೇಡ್ ಮಾಡಲಾಗದಂತೆ ಜಡವಾಗುತ್ತದೆ. ಇವೆಲ್ಲ ಒಂದೇ ದಿನ ಜಾರಿಯಾಗಲಿಲ್ಲ, ಕೆಲವು 2024ರ ಬೇಸಿಗೆಯಿಂದ ಬಿಗಿಯಾದವು. ಸನ್ಸ್ ತಮ್ಮ ದೊಡ್ಡ ಟ್ರೇಡ್‌ಗಳನ್ನು ಮಾಡಿಕೊಂಡಿದ್ದು ಈ ಸಂಧಿಕಾಲದಲ್ಲಿ.

2023ರ ಫೆಬ್ರವರಿ ಮೊದಲ ವಾರದಲ್ಲಿ ತಂಡದ ಮಾಲೀಕತ್ವ ಬದಲಾಯಿತು. 2004ರಲ್ಲಿ 40.1 ಕೋಟಿ ಡಾಲರ್‌ಗೆ ಹೋಗಿದ್ದ ತಂಡಕ್ಕೆ ಈಗ 400 ಕೋಟಿ ಬೆಲೆ. ಒಂದೆರಡು ದಿನದಲ್ಲೇ ಕೆವಿನ್ ಡ್ಯೂರಂಟ್ ಟ್ರೇಡ್. ಬ್ರೂಕ್ಲಿನ್‌ಗೆ ಹೋದದ್ದು ಬ್ರಿಡ್ಜಸ್, ಜಾನ್ಸನ್, ಜೇ ಕ್ರೌಡರ್, ಜೊತೆಗೆ 2023, 2025, 2027, 2029ರ ಮೊದಲ ಸುತ್ತಿನ ಪಿಕ್‌ಗಳು ಯಾವ ರಕ್ಷಣೆಯೂ ಇಲ್ಲದೆ (ಎಷ್ಟೇ ಮೇಲಿನ ಪಿಕ್ ಆದರೂ ಕೊಡಲೇಬೇಕು), ಮತ್ತು 2028ರಲ್ಲಿ ಪಿಕ್ ಅದಲುಬದಲಿನ ಹಕ್ಕು.

ಬೆಸ ವರ್ಷಗಳೇ ಏಕೆ? ಮುಂದಿನ ಯಾವ ಎರಡು ಸತತ ವರ್ಷಗಳಲ್ಲೂ ತಂಡದ ಬಳಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಆಗಬಾರದೆಂಬ ನಿಯಮವಿದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಪಿಕ್‌ಗಳನ್ನೆಲ್ಲ ಹಂಚಿಬಿಟ್ಟ ಮೇಲೆ ಬಂದ ಈ ನಿಯಮವನ್ನು ಆಗಿನ ಮಾಲೀಕ ಸ್ಟೆಪಿಯನ್ ಹೆಸರಿನಿಂದ ಕರೆಯುತ್ತಾರೆ. ಆದ್ದರಿಂದ ಒಂದು ವರ್ಷ ಬಿಟ್ಟು ಒಂದು ವರ್ಷದ ಪಿಕ್ ಹೋಗುತ್ತದೆ, ನಡುವಿನ ವರ್ಷಗಳಿಗೆ ಸ್ವಾಪ್ ಉಪಯೋಗವಾಗುತ್ತದೆ. ಸ್ವಾಪ್ ಎಂದರೆ ಪಿಕ್ ಹೋಗುವುದಿಲ್ಲ, ಆದರೆ ಇಬ್ಬರಲ್ಲಿ ಯಾರದು ಒಳ್ಳೆಯದೋ ಅದು ಎದುರಿನವರ ಪಾಲು. ಟ್ರೇಡ್ ಸುದ್ದಿಯಲ್ಲಿ ಸ್ವಾಪ್ ಅನ್ನು ಅಡಿಟಿಪ್ಪಣಿಯ ಹಾಗೆ ಓದಿಬಿಡುತ್ತೇವೆ. ತಂಡ ಕುಸಿದ ವರ್ಷ ಅದರ ಬೆಲೆ ಪೂರ್ತಿ ಪಿಕ್ಕಿನಷ್ಟೇ.

ಡ್ಯೂರಂಟ್ ಟ್ರೇಡ್ ಅನ್ನು ಸಮರ್ಥಿಸುವವರ ಬಳಿಯೂ ಗಟ್ಟಿ ವಾದವಿದೆ. 2023-24ರಲ್ಲಿ 75 ಪಂದ್ಯ ಆಡಿ ಸರಾಸರಿ 27 ಅಂಕ ಗಳಿಸಿದ ಆಟಗಾರನನ್ನು ಯಾರು ಬೇಡ ಎನ್ನುತ್ತಾರೆ? 2023ರ ಪ್ಲೇಆಫ್‌ನಲ್ಲಿ ಸೋತಿದ್ದೂ ಆ ವರ್ಷ ಚಾಂಪಿಯನ್ ಆದ ಡೆನ್ವರ್‌ಗೆ, ಅದೂ ಪಾಲ್ ಗಾಯಗೊಂಡ ಮೇಲೆ. ಆದರೆ ಕೊಟ್ಟದ್ದರ ಬೆಲೆ ಒಂದು ವರ್ಷದಲ್ಲೇ ಬಯಲಾಯಿತು. 2024ರ ಬೇಸಿಗೆಯಲ್ಲಿ ಬ್ರಿಡ್ಜಸ್ ಒಬ್ಬರಿಗೇ ನ್ಯೂಯಾರ್ಕ್ ನಿಕ್ಸ್ ಐದು ಮೊದಲ ಸುತ್ತಿನ ಪಿಕ್ ಕೊಟ್ಟಿತು.

ಎರಡನೇ ಹೆಜ್ಜೆ ಇನ್ನೂ ಭಾರವಾಯಿತು. ಹೊಸ ಒಪ್ಪಂದ ಜಾರಿಗೆ ಒಂದು ವಾರ ಮೊದಲು, 2023ರ ಜೂನ್‌ನಲ್ಲಿ, ಕ್ರಿಸ್ ಪಾಲ್ ಮತ್ತು ಲ್ಯಾಂಡ್ರಿ ಶಾಮೆಟ್ ಸಂಬಳ ಕೂಡಿಸಿ ವಾಷಿಂಗ್ಟನ್‌ನಿಂದ ಬ್ರ್ಯಾಡ್ಲಿ ಬೀಲ್ ಅವರನ್ನು ತಂದರು. 2024, 2026, 2028, 2030ರ ಸ್ವಾಪ್‌ಗಳೂ ಹಲವು ಎರಡನೇ ಸುತ್ತಿನ ಪಿಕ್‌ಗಳೂ ಜೊತೆಗೆ ಹೋದವು. ಬೀಲ್ ಅವರ ಐದು ವರ್ಷದ, 25.1 ಕೋಟಿ ಡಾಲರ್ ಒಪ್ಪಂದದಲ್ಲಿ ನೋ-ಟ್ರೇಡ್ ಕ್ಲಾಸ್ ಇತ್ತು. ಅವರು ಒಪ್ಪದೆ ಅವರನ್ನು ಎಲ್ಲಿಗೂ ಕಳಿಸಲಾಗದು. ಆ ಕ್ಲಾಸ್ ಒಪ್ಪಂದದ ಜೊತೆಯೇ ಫೀನಿಕ್ಸ್‌ಗೂ ಬಂತು.

2024-25ರಲ್ಲಿ ಡ್ಯೂರಂಟ್ 5.12 ಕೋಟಿ, ಬೀಲ್ 5.02 ಕೋಟಿ, ಬುಕರ್ 4.92 ಕೋಟಿ ಡಾಲರ್. ಮೂವರದೇ 15 ಕೋಟಿ ದಾಟಿತು. ಆ ವರ್ಷ ಇಡೀ ತಂಡದ ಕ್ಯಾಪ್ 14.06 ಕೋಟಿ, ಎರಡನೇ ಏಪ್ರನ್ 18.89 ಕೋಟಿ. ಉಳಿದ ಜಾಗಗಳನ್ನು ತುಂಬಲು ಎರಡೇ ದಾರಿ: ಕನಿಷ್ಠ ಸಂಬಳದ ಆಟಗಾರರು, ಅಥವಾ ಈಗಾಗಲೇ ತಂಡದಲ್ಲಿರುವವರಿಗೆ ಬರ್ಡ್ ಹಕ್ಕಿನಲ್ಲಿ ಹೆಚ್ಚು ಕೊಟ್ಟು ಉಳಿಸಿಕೊಳ್ಳುವುದು. ಗ್ರೇಸನ್ ಆಲನ್‌ಗೆ ನಾಲ್ಕು ವರ್ಷಕ್ಕೆ 7 ಕೋಟಿ, ರಾಯ್ಸ್ ಒನೀಲ್‌ಗೆ 4.4 ಕೋಟಿ ಕೊಟ್ಟಿದ್ದು ಇದಕ್ಕೇ. ಅವರನ್ನು ಬಿಟ್ಟರೆ ಅದೇ ದುಡ್ಡಿನಲ್ಲಿ ಬೇರೆಯವರನ್ನು ತರಲು ಅವಕಾಶವೇ ಇರಲಿಲ್ಲ. ಅಭಿಮಾನಿಗಳು ಈ ಒಪ್ಪಂದಗಳನ್ನು ಬೈಯುವಾಗ ಈ ಮಾತು ಮರೆತುಹೋಗುತ್ತದೆ.

ಸಣ್ಣ ಕೊಂಡಿಗಳೂ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಏಟನ್ ಪೋರ್ಟ್‌ಲ್ಯಾಂಡ್‌ಗೆ ಹೋದಾಗ ಜೊತೆಗೆ ಹೋದ ತುಮಾನಿ ಕಮಾರಾ 52ನೇ ಪಿಕ್ಕಿನ ಹುಡುಗ. 2025ರಲ್ಲಿ ಅವರು ಲೀಗ್‌ನ ಆಲ್-ಡಿಫೆನ್ಸಿವ್ ತಂಡ ಸೇರಿದರು. ಅದೇ ಟ್ರೇಡ್‌ನಲ್ಲಿ ಫೀನಿಕ್ಸ್‌ಗೆ ಬಂದ ನಾಸೀರ್ ಲಿಟಲ್ ಹೆಚ್ಚು ಆಡಲಿಲ್ಲ. 2024ರಲ್ಲಿ ಅವರನ್ನು ಬಿಡುವಾಗ ಬಾಕಿ ಸಂಬಳವನ್ನು ಏಳು ವರ್ಷಕ್ಕೆ ಹರಡಿದರು. ಬಾಕಿ ಇರುವ ವರ್ಷಗಳನ್ನು ದುಪ್ಪಟ್ಟು ಮಾಡಿ ಒಂದು ಕೂಡಿಸಿ, ಅಷ್ಟು ವರ್ಷಕ್ಕೆ ಹಂಚುವುದು ಸ್ಟ್ರೆಚ್ ನಿಯಮ. ಲಿಟಲ್‌ಗೆ ಮೂರು ವರ್ಷ ಬಾಕಿ ಇತ್ತು, ಹಾಗಾಗಿ ಏಳು. ವರ್ಷಕ್ಕೆ 31 ಲಕ್ಷ ಡಾಲರ್ ಎಂದರೆ ಯಾರೂ ಗಮನಿಸದಷ್ಟು ಚಿಕ್ಕದು. ಅದು ಮುಂದೆ ಎಲ್ಲಿ ತಾಗಿತು ಎಂಬುದು ಈ ಕಥೆಯಲ್ಲಿ ನೋಡಲೇಬೇಕಾದ ಭಾಗ.

2023-24ರಲ್ಲಿ 49 ಗೆಲುವು, ಮೊದಲ ಸುತ್ತಿನಲ್ಲೇ ಮಿನೆಸೋಟಾ ವಿರುದ್ಧ 4-0 ಸೋಲು. ಮರುವರ್ಷ ಮೊದಲ ಒಂಬತ್ತರಲ್ಲಿ ಎಂಟು ಗೆದ್ದವರು 36-46ಕ್ಕೆ ಇಳಿದು ಪ್ಲೇಆಫ್ ತಪ್ಪಿಸಿಕೊಂಡರು. ಎರಡೂ ವರ್ಷ ಬೀಲ್ ಆಡಿದ್ದು 53-53 ಪಂದ್ಯ. ಎರಡು ವರ್ಷದಲ್ಲಿ ಇಬ್ಬರು ಕೋಚ್‌ಗಳು ಹೋದರು. ಆ ಚಳಿಗಾಲದಲ್ಲಿ ಮಯಾಮಿಯಿಂದ ಜಿಮ್ಮಿ ಬಟ್ಲರ್ ಬರುತ್ತಾರೆಂಬ ಮಾತು ತಿಂಗಳುಗಟ್ಟಲೆ ನಡೆಯಿತು. ಬಟ್ಲರ್ ಸಂಬಳ 4.88 ಕೋಟಿ. ಇಬ್ಬರನ್ನು ಕೂಡಿಸಲಾಗದ ತಂಡಕ್ಕೆ ಆ ಮೊತ್ತ ಹೊಂದಿಸಲು ಮೂವರಲ್ಲಿ ಒಬ್ಬರನ್ನೇ ಕಳಿಸಬೇಕು. ಕಳಿಸಲು ಮನಸ್ಸಿದ್ದ ಬೀಲ್ ಬಳಿ ನೋ-ಟ್ರೇಡ್ ಕ್ಲಾಸ್. ಬಟ್ಲರ್ ಗೋಲ್ಡನ್ ಸ್ಟೇಟ್ ಸೇರಿದರು.

ಇದರ ನಡುವೆ, 2025ರ ಜನವರಿಯಲ್ಲಿ, ಸನ್ಸ್ ತಮ್ಮ 2031ರ ಪಿಕ್ಕನ್ನು ಯೂಟಾಗೆ ಕೊಟ್ಟು 2025, 2027, 2029ರ ಮೂರು ಪಿಕ್ ಪಡೆದರು. ಒಂದಕ್ಕೆ ಮೂರು ಎಂದರೆ ಲಾಭದಂತೆ ಕಾಣುತ್ತದೆ. ಆದರೆ ಬಂದ ಮೂರೂ ಹಲವು ತಂಡಗಳ ಪಿಕ್‌ಗಳಲ್ಲಿ ಅತಿ ಕೊನೆಯದು ಯಾವುದೋ ಅದು. ಹೋದದ್ದು ರಕ್ಷಣೆಯಿಲ್ಲದ, ಬುಕರ್ ಮೂವತ್ತೈದರ ಹತ್ತಿರವಿರುವ ವರ್ಷದ ಪಿಕ್.

2025ರ ಬೇಸಿಗೆಯಲ್ಲಿ ಗಂಟು ಬಿಚ್ಚುವ ಕೆಲಸ ಶುರುವಾಯಿತು. ಡ್ಯೂರಂಟ್ ಒಪ್ಪಂದಕ್ಕೆ ಒಂದೇ ವರ್ಷ ಉಳಿದಿತ್ತು, ವಯಸ್ಸು 36. ಹ್ಯೂಸ್ಟನ್‌ನಿಂದ ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್, 10ನೇ ಪಿಕ್, ಐದು ಎರಡನೇ ಸುತ್ತಿನ ಪಿಕ್ ಬಂದವು. ಕೂಡಿಸಬಾರದೆಂಬ ನಿಯಮ ಕಳಿಸುವ ಬದಿಗೆ ಮಾತ್ರ, ಒಬ್ಬನನ್ನು ಕೊಟ್ಟು ಇಬ್ಬರನ್ನು ಪಡೆಯಲು ಅಡ್ಡಿಯಿಲ್ಲ. ಡ್ಯೂರಂಟ್ 5.47 ಕೋಟಿ. ಗ್ರೀನ್, ಬ್ರೂಕ್ಸ್ ಸೇರಿ 5.45 ಕೋಟಿ. ಕೂದಲೆಳೆಯಷ್ಟು ಕಡಿಮೆ, ಅದು ಬೇಕಿದ್ದೂ ಹಾಗೆಯೇ. ಜುಲೈನಲ್ಲಿ ಏಳು ತಂಡಗಳ ವ್ಯವಹಾರವಾಗಿ ಇದು ಅಂತಿಮವಾಯಿತು, ಲೀಗ್ ಇತಿಹಾಸದಲ್ಲೇ ದೊಡ್ಡದು. ಇಲ್ಲಿ ಒಂದು ನೋವಿನ ಸಂಗತಿಯಿದೆ: ಆ 10ನೇ ಪಿಕ್ ಸನ್ಸ್ ಅವರದೇ. ಡ್ಯೂರಂಟ್‌ಗಾಗಿ ಬ್ರೂಕ್ಲಿನ್‌ಗೆ ಹೋಗಿ, ಅಲ್ಲಿಂದ ಹ್ಯೂಸ್ಟನ್ ಸೇರಿ, ಡ್ಯೂರಂಟ್ ಹೋಗುವಾಗ ಮನೆಗೆ ಬಂತು. ಅದರಲ್ಲಿ ಆರಿಸಿದ್ದು ದಕ್ಷಿಣ ಸುಡಾನ್‌ನ ಎತ್ತರದ ಸೆಂಟರ್ ಖಮಾನ್ ಮಲುವಾಚ್ ಅವರನ್ನು.

ಆಮೇಲೆ ಬೀಲ್ ಬೈಔಟ್, ಅಂದರೆ ಬಾಕಿ ಸಂಬಳದ ಬಗ್ಗೆ ಒಪ್ಪಿಕೊಂಡು ಆಟಗಾರನನ್ನು ಬಿಟ್ಟುಬಿಡುವುದು. ಎರಡು ವರ್ಷಕ್ಕೆ 11.08 ಕೋಟಿ ಡಾಲರ್ ಬಾಕಿ. ಸ್ಟ್ರೆಚ್ ಮಾಡಿದರೆ ಐದು ವರ್ಷ. ಆದರೆ ಹೀಗೆ ಹರಡಿದ ಸಂಬಳಗಳ ಒಟ್ಟು ಮೊತ್ತ ಆ ವರ್ಷದ ಕ್ಯಾಪ್‌ನ ಶೇ 15 ಮೀರಬಾರದು. 2025-26ರ ಕ್ಯಾಪ್ 15.46 ಕೋಟಿ, ಶೇ 15 ಎಂದರೆ 2.32 ಕೋಟಿ. ಅದರಲ್ಲಿ ಲಿಟಲ್‌ನ 31 ಲಕ್ಷ, ಹಾಗೆಯೇ ಬಿಟ್ಟಿದ್ದ ಇ.ಜೆ. ಲಿಡೆಲ್‌ನ 7 ಲಕ್ಷ ಕಳೆದರೆ ಉಳಿಯುವುದು ಸುಮಾರು 1.94 ಕೋಟಿ. ಐದರಿಂದ ಗುಣಿಸಿದರೆ 9.69 ಕೋಟಿ. ಅಂದರೆ ಬೀಲ್ ತಾವಾಗಿಯೇ 1.39 ಕೋಟಿ ಬಿಟ್ಟುಕೊಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ. ಅಷ್ಟೇ ಬಿಟ್ಟುಕೊಟ್ಟು ಅವರು ಕ್ಲಿಪ್ಪರ್ಸ್ ಸೇರಿದರು. ಸನ್ಸ್ ಎರಡು ಏಪ್ರನ್‌ಗಳ ಕೆಳಗೂ ತೆರಿಗೆ ಗೆರೆಯ ಕೆಳಗೂ ಇಳಿಯಿತು. ಅದಕ್ಕೆ ತೆತ್ತ ಬೆಲೆ, 2029-30ರವರೆಗೆ ವರ್ಷಕ್ಕೆ 1.94 ಕೋಟಿ ಡಾಲರ್ ಅಂಕಣದಲ್ಲಿಲ್ಲದ ಆಟಗಾರನ ಹೆಸರಿನಲ್ಲಿ. ಅದೇ ಜುಲೈನಲ್ಲಿ ಎರಡು ವರ್ಷ ವಿಸ್ತರಿಸಿದ ಬುಕರ್ ಒಪ್ಪಂದ ಮುಗಿಯುವುದೂ 2029-30ಕ್ಕೇ. ಬುಕರ್ ಜೊತೆ ಕಟ್ಟುವ ಪ್ರತಿ ತಂಡವೂ ಈ ಹೊರೆ ಹೊತ್ತೇ ಕಟ್ಟಬೇಕು.

ಈಗ ಮೊದಲ ವಾದಕ್ಕೆ ಬರೋಣ. ಬುಡದಿಂದ ಕಟ್ಟುವುದೆಂದರೆ ಕೆಲವು ವರ್ಷ ಸೋತು ಒಳ್ಳೆಯ ಪಿಕ್ ಪಡೆಯುವುದು. ಸನ್ಸ್‌ಗೆ 2026, 2028, 2030ರಲ್ಲಿ ಸ್ವಾಪ್‌ಗಳ ಹೊರೆ. 2027, 2029ರ ಪಿಕ್‌ಗಳು ಬ್ರೂಕ್ಲಿನ್ ಮೂಲಕ ಹ್ಯೂಸ್ಟನ್ ಹಿಡಿತಕ್ಕೆ ಹೋಗಿವೆ. 2031ರದು ಯೂಟಾದ್ದು. ಸೋತರೆ ಫಲ ಉಣ್ಣುವವರು ಬೇರೆಯವರು. ಬುಕರ್ ಅವರನ್ನು ಕಳಿಸುವ ಟ್ರೇಡ್ ಅರ್ಥಪೂರ್ಣವಾಗಬೇಕಾದರೆ ಸನ್ಸ್‌ನದೇ ಪಿಕ್‌ಗಳು ಅದರಲ್ಲಿ ವಾಪಸ್ ಬರಬೇಕು, ಅವು ಮೂರು ನಾಲ್ಕು ಕಡೆ ಹಂಚಿಹೋಗಿವೆ. ಇದನ್ನು ನೋಡಿದರೆ ಬುಕರ್ ಅವರನ್ನು ಉಳಿಸಿಕೊಂಡು ನಡು ಹಂತದ, ಎರಡೂ ಬದಿ ಆಡಬಲ್ಲ ಆಟಗಾರರನ್ನು ಮತ್ತೆ ಕೂಡಿಸುವುದೇ ನಡೆಯಬಲ್ಲ ದಾರಿ. ಅಂಥವರು ಮೂರ್ನಾಲ್ಕು ಮಂದಿ 2023ರ ಜನವರಿಯಲ್ಲಿ ಇದೇ ಅಂಗಿ ತೊಟ್ಟಿದ್ದರು.

ಹೊಸ ಟ್ರೇಡ್ ವದಂತಿ ಬಂದಾಗ ನೋಡಬೇಕಾದ್ದು ಇಷ್ಟು. ತಂಡ ಮೊದಲ ಏಪ್ರನ್ ಕೆಳಗಿರುವಾಗ ಸಂಬಳ ಕೂಡಿಸಬಹುದು, ಕಳಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೂ ಪಡೆಯಬಹುದು. ಆದರೆ ಹೆಚ್ಚು ಪಡೆದ ಕೂಡಲೇ ಆ ಋತು ಮುಗಿಯುವವರೆಗೆ ಮೊದಲ ಏಪ್ರನ್ ದಾಟುವಂತಿಲ್ಲ. ಬೇಸಿಗೆಯಲ್ಲಿ ಸಹಿ ಹಾಕಿದ ಫ್ರೀ ಏಜೆಂಟ್‌ಗಳನ್ನು ಸಾಮಾನ್ಯವಾಗಿ ಡಿಸೆಂಬರ್ 15ರವರೆಗೆ ಕಳಿಸಲಾಗದು. ಗ್ರೀನ್ ಮತ್ತು ಬುಕರ್ ಇಬ್ಬರೂ ಶೂಟಿಂಗ್ ಗಾರ್ಡ್‌ಗಳು. ಗ್ರೀನ್ ಅವರ 2025-26ರ 3.33 ಕೋಟಿ ಡಾಲರ್ ಸಂಬಳ ದೊಡ್ಡ ಟ್ರೇಡ್‌ಗೆ ಸರಿಹೊಂದುವ ಮೊತ್ತ, ಹಾಗಾಗಿ ಮಾತೆಲ್ಲ ಅವರ ಸುತ್ತಲೇ ಸುತ್ತುತ್ತದೆ. 2024-25ರಲ್ಲಿ ಎರಡನೇ ಏಪ್ರನ್ ದಾಟಿದ್ದಕ್ಕೆ 2032ರ ಪಿಕ್ ಜಡವಾಗಿದೆ. ನಂತರದ ನಾಲ್ಕು ಋತುಗಳಲ್ಲಿ ಮೂರರಲ್ಲಿ ತಂಡ ಆ ಗೆರೆಯ ಕೆಳಗಿದ್ದರೆ ಅದು ಬಿಡುಗಡೆಯಾಗುತ್ತದೆ. ಎರಡರಲ್ಲಿ ಮೇಲಿದ್ದರೆ, ತಂಡ ಎಷ್ಟೇ ಸೋತಿರಲಿ, ಆ ಪಿಕ್ ಮೊದಲ ಸುತ್ತಿನ ಕೊನೆಗೆ ಹೋಗಿ ಬೀಳುತ್ತದೆ.