ವರ್ನಾತ್ಸಾದ ಕೆಸರು ಎಲ್ಲಿಂದ ಬಂತು?

2011ರ ಅಕ್ಟೋಬರ್ 25ರಂದು ಇಟಲಿಯ ವಾಯವ್ಯ ಕರಾವಳಿಯ ವರ್ನಾತ್ಸಾ ಎಂಬ ಪುಟ್ಟ ಊರಿನ ಮೇಲೆ ಗುಡ್ಡ ಕಳಚಿ ಬಿತ್ತು. ಕೆಲವೇ ಗಂಟೆಗಳ ಮಳೆ. ಮುಖ್ಯ ಬೀದಿಯ ಅಡಿಯಲ್ಲಿ ಹರಿಯುವ ಹಳ್ಳ ಕಲ್ಲು, ಮರ, ಮಣ್ಣಿನಿಂದ ಬಾಯಿ ಕಟ್ಟಿಕೊಂಡು ಬೀದಿಯ ಮೇಲೇ ನುಗ್ಗಿತು. ಕಾರುಗಳು ಕೊಚ್ಚಿಹೋದವು, ಅಂಗಡಿಗಳ ಬಾಗಿಲುಗಳು ಹೂತುಹೋದವು. ಕೆಲವೆಡೆ ಕೆಸರಿನ ದಪ್ಪ ನಾಲ್ಕು ಮೀಟರ್. ಸಾವಿರ ಜನರೂ ಇಲ್ಲದ ಆ ಊರಿನಲ್ಲಿ ಮೂವರು ಪ್ರಾಣ ಕಳೆದುಕೊಂಡರು.

ಅಷ್ಟು ಮಳೆ ಅಪರೂಪ, ನಿಜ. ಆದರೆ ಆ ಕೆಸರಿನ ಕತೆ ಮಳೆಗಿಂತ ಬಹಳ ಹಳೆಯದು.

ಚಿಂಕ್ವೆ ತೆರ್ರೆ ಎಂದರೆ ಐದು ನೆಲಗಳು. ಮೊಂತೆರೊಸ್ಸೊ, ವರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜೋರೆ ಎಂಬ ಐದು ಊರುಗಳಿಗೆ ಸೇರಿ ಬಂದ ಹೆಸರು ಅದು. ಕಡಲಿಗೆ ನೇರವಾಗಿ ಇಳಿಯುವ ಈ ಗುಡ್ಡಗಳಲ್ಲಿ ಸಮತಟ್ಟು ನೆಲವೇ ಇಲ್ಲ. ನೂರಾರು ವರ್ಷಗಳಿಂದ ಇಲ್ಲಿನವರು ಇಳಿಜಾರನ್ನು ಕಡಿದು, ಅಗೆದಾಗ ಸಿಕ್ಕ ಕಲ್ಲಿನಿಂದಲೇ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ ಮಾಡಿದರು. ಎಲ್ಲ ಗೋಡೆಗಳನ್ನೂ ಸೇರಿಸಿದರೆ ಸಾವಿರಾರು ಕಿಲೋಮೀಟರ್ ಆಗುತ್ತದೆ.

ಈ ಗೋಡೆಗಳಿಗೆ ಗಾರೆ ಹಾಕುವುದಿಲ್ಲ, ಅವುಗಳ ಜಾಣ್ಮೆ ಇರುವುದೇ ಅಲ್ಲಿ. ಬುಡಕ್ಕೆ ದೊಡ್ಡ ಕಲ್ಲು, ಗೋಡೆ ತುಸು ಗುಡ್ಡದ ಕಡೆಗೆ ವಾಲಿರಬೇಕು, ಹಿಂಬದಿಗೆ ಚಕ್ಕೆ ಮತ್ತು ಜಲ್ಲಿ ತುಂಬಬೇಕು. ಮಳೆನೀರು ಮಣ್ಣಿನಲ್ಲಿ ಇಂಗಿ, ಜಲ್ಲಿಯಲ್ಲಿ ಸೋಸಿ, ಕಲ್ಲುಗಳ ಸಂದಿಯಿಂದ ಮೆಲ್ಲಗೆ ಹೊರಬರುತ್ತದೆ. ಸಂದಿ ಮುಚ್ಚಿಕೊಂಡರೆ ನೀರು ಒಳಗೇ ನಿಂತು ತಳ್ಳುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಆಗಲೇ ಬಿಚ್ಚಿ ಕಟ್ಟಿದರೆ ಎರಡು ಮೀಟರ್ ಕೆಲಸ. ಬಿಟ್ಟರೆ ಮೇಲಿನ ತಾಕು ಕೆಳಗಿನ ತಾಕಿನ ಮೇಲೆ ಕುಸಿಯುತ್ತದೆ, ಅದು ಇನ್ನೊಂದರ ಮೇಲೆ. ಹಾಗಾಗಿ ಗೋಡೆ ನೋಡಿಕೊಳ್ಳುವುದು ಇಲ್ಲಿನ ಕೃಷಿಕನಿಗೆ ಎಂದೂ ಮುಗಿಯದ ಕೆಲಸವಾಗಿತ್ತು.

ಆ ಕೃಷಿಕ ಎಲ್ಲಿಗೆ ಹೋದ? 1869ರಲ್ಲಿ ಪಕ್ಕದ ಲಾ ಸ್ಪೇತ್ಸಿಯಾದಲ್ಲಿ ನೌಕಾಪಡೆಯ ಹಡಗುಕಟ್ಟೆ ತೆರೆಯಿತು. 1874ರ ಹೊತ್ತಿಗೆ ಜೆನೋವಾದಿಂದ ಲಾ ಸ್ಪೇತ್ಸಿಯಾವರೆಗೆ ಸುರಂಗಗಳ ಮೂಲಕ ರೈಲು ಓಡಿತು. ತಿಂಗಳ ಸಂಬಳ ರೈಲು ಪ್ರಯಾಣದಷ್ಟು ಹತ್ತಿರ ಬಂದ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವವರು ಕಡಿಮೆಯಾದರು. ಬೇರು ತಿನ್ನುವ ಫಿಲೊಕ್ಸೆರಾ ಕೀಟವೂ ಬಳ್ಳಿಗಳನ್ನು ಒಣಗಿಸಿತು. ತೋಟ ಬಿಟ್ಟುಹೋದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಟ್ರ್ಯಾಕ್ಟರ್ ಕಾಲಿಡಲಾಗದ ಆ ಇಳಿಜಾರಿನಲ್ಲಿ ಇಡೀ ಬೇಸಾಯ ಮೈಬಲದ್ದು. ಸಾವಿರ ಹೆಕ್ಟೇರಿಗೂ ಮಿಕ್ಕಿದ್ದ ದ್ರಾಕ್ಷಿ ತೋಟ ಈಗ ನೂರರ ಆಸುಪಾಸಿಗೆ ಇಳಿದಿದೆ. ಉಳಿದದ್ದು ಬೀಳು. ಅಲ್ಲಿ ಕುರುಚಲು ಬೆಳೆಯಿತು, ಕಾಡುಹಂದಿಗಳು ಗೋಡೆಯ ಬುಡ ಅಗೆದವು.

ಪ್ರವಾಹದ ನಂತರ ಗುಡ್ಡ ಅಳೆದ ಭೂವಿಜ್ಞಾನಿಗಳಿಗೆ ಕಂಡದ್ದೂ ಇದೇ. ಹೆಚ್ಚು ಕುಸಿದದ್ದು ಇತ್ತೀಚಿನ ದಶಕಗಳಲ್ಲಿ ಬೀಳು ಬಿಟ್ಟ ತಾಕುಗಳು. ಬಹಳ ಹಿಂದೆಯೇ ಬಿಟ್ಟು, ದಟ್ಟ ಕಾಡು ಬೆಳೆದ ಕಡೆ ಬೇರುಗಳು ಮಣ್ಣನ್ನು ಅಷ್ಟಿಷ್ಟು ಹಿಡಿದಿದ್ದವು. ಮನುಷ್ಯ ಕೈಬಿಟ್ಟು, ಕಾಡು ಇನ್ನೂ ಕೈಹಿಡಿಯದ ನಡುವಿನ ಕಾಲವೇ ಅತ್ಯಂತ ಅಪಾಯದ್ದು.

ಅಷ್ಟರಲ್ಲಿ ಊರಿಗೆ ಇನ್ನೊಂದು ಜೀವನ ಬಂದಿತ್ತು. 1997ರಲ್ಲಿ ಚಿಂಕ್ವೆ ತೆರ್ರೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಐದೂ ಊರುಗಳಲ್ಲಿ ಸೇರಿ ನಾಲ್ಕು ಸಾವಿರದಷ್ಟು ಜನರಿದ್ದರೆ, ವರ್ಷಕ್ಕೆ ಬರುವ ಪ್ರವಾಸಿಗರು ಲಕ್ಷಗಟ್ಟಲೆ. ಅವರು ಫೋಟೊ ತೆಗೆಯುವ ಆ ಹಸಿರು ಮೆಟ್ಟಿಲುಗಳನ್ನು ನಿಲ್ಲಿಸಿದ್ದು ಗೋಡೆಗಳೇ. ಆದರೂ ಅದೇ ಊರಿನಲ್ಲಿ ಕೋಣೆ ಬಾಡಿಗೆಗೆ ಕೊಟ್ಟವನಿಗೆ ಬರುವ ಹಣ ಗೋಡೆ ಕಟ್ಟಿದವನಿಗೆ ಬರುವುದಿಲ್ಲ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

2012ರಲ್ಲಿ ರಿಯೊಮಜೋರೆ ಮತ್ತು ಮನರೋಲಾಗಳ ನಡುವಿನ 'ಪ್ರೇಮದ ಹಾದಿ'ಯಲ್ಲಿ ಬಂಡೆ ಉರುಳಿ ಪ್ರವಾಸಿಗರು ಗಾಯಗೊಂಡರು. ಒಂದು ಕಿಲೋಮೀಟರ್ ಕೂಡ ಇಲ್ಲದ ಆ ಹಾದಿ ಪೂರ್ತಿಯಾಗಿ ಮತ್ತೆ ತೆರೆದದ್ದು 2024ರಲ್ಲಿ.

ಗೋಡೆಗಳ ಕಡೆಗೂ ಕೈಗಳು ಮರಳುತ್ತಿವೆ. 2018ರಲ್ಲಿ ಗಾರೆಯಿಲ್ಲದೆ ಕಲ್ಲು ಕಟ್ಟುವ ಕಲೆ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಮನರೋಲಾದಲ್ಲಿ ಈ ಕೆಲಸ ಕಲಿತವರಲ್ಲಿ ಆಶ್ರಯ ಕೇಳಿ ಬಂದ ಬೇರೆ ದೇಶದವರೂ ಇದ್ದಾರೆ. ಅವರು ಮೊದಲು ಮಾಡುವುದು ಬಿದ್ದ ಗೋಡೆಯ ರಾಶಿಯನ್ನು ಬಿಡಿಸುವುದು. ದೊಡ್ಡ ಕಲ್ಲು ಒಂದು ಕಡೆ, ಚಕ್ಕೆ ಇನ್ನೊಂದು ಕಡೆ. ಹೊಸ ಗೋಡೆಗೆ ಬೇಕಾದ ಕಲ್ಲು ಬಹುಪಾಲು ಅಲ್ಲೇ ಇರುತ್ತದೆ.